ಅರಿಶಿಣ ಹಚ್ಚಿದ ಕಾರ್ಡು

ನನ್ನ ಅಣ್ಣನಿಗೆ ಓದಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಈ ಮಾತನ್ನು ಬಾಯಿಬಿಟ್ಟು ಆಡದೆ ಇದ್ದದ್ದರಿಂದಲೇ ಆಗಬಾರದ್ದು ಆಯಿತು.

ಅವನು ಶಾಲೆಯ ಮೆಟ್ಟಿಲು ಹತ್ತದವನಲ್ಲ. ಗಜೇಂದ್ರಗಡದಲ್ಲಿ ಏಳು ವರ್ಷ ಶಾಲೆಗೆ ಹೋಗಿದ್ದಾನೆ. ಪಕ್ಕದವನು ಓದುವುದನ್ನು ಒಂದು ಸಲ ಕೇಳಿದರೆ ಸಾಕು, ಪಾಠ ಪೂರ್ತಿ ಒಪ್ಪಿಸುತ್ತಿದ್ದನಂತೆ. ಹಾಗೆಯೇ ನಾಲ್ಕು ಇಯತ್ತೆ ದಾಟಿದ. ಐದನೆಯದರಲ್ಲಿ ಹೊಸ ಮಾಸ್ತರರು ಬಂದು, ಯಾರೂ ಓದದ ಪಾಠ ತೆಗೆದು ಓದು ಅಂದರು. ಅಲ್ಲಿಗೆ ನಿಂತುಹೋದ. ಅದೇ ಇಯತ್ತೆಯಲ್ಲಿ ಮೂರು ವರ್ಷ ಕುಳಿತ. ಬೆರಳುಗಳ ನಡುವೆ ಪೆನ್ಸಿಲ್ ಇಟ್ಟು ಅದುಮುತ್ತಿದ್ದರು ಎಂದು ಅವ್ವ ಹೇಳುತ್ತಾಳೆ. ಕೈ ಊದಿಕೊಂಡು ಬಂದ ದಿನ ಅಪ್ಪ, ಬಡಿದರೆ ಬುದ್ಧಿ ಬರುತ್ತದೆ ಎಂದು ತಾನೂ ಎರಡು ಬಡಿದನಂತೆ. ಅಪ್ಪ ತೀರಿಕೊಂಡ ಮೇಲೆ ಶಾಲೆ ಬಿಟ್ಟು ಮಗ್ಗದ ಕುಣಿಯಲ್ಲಿ ಇಳಿದ. ಒಂದು ವರ್ಷ ತುಂಬುವುದರೊಳಗೆ ಸೀರೆಯ ಅಂಚಿಗೆ ಯಾವ ಎಳೆ ಎತ್ತಬೇಕು, ಯಾವುದು ಬಿಡಬೇಕು ಎಂಬುದನ್ನು ಓಣಿಯ ಹಿರಿಯರೇ ಬಂದು ಅವನನ್ನು ಕೇಳುವಂತಾಯಿತು.

ನಾನು ಅವನಿಗಿಂತ ಎಂಟು ವರ್ಷ ಸಣ್ಣವನು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮಗ್ಗಕ್ಕೆ ಬಂದೆ. ಆದರೆ ನನಗೆ ಓದುವ ಹುಚ್ಚು. ನಮ್ಮೂರ ವಾಚನಾಲಯದಲ್ಲಿ ಒಂದು ಕಪಾಟಿದೆ, ಅದನ್ನು ಎಡದಿಂದ ಬಲಕ್ಕೆ ಸಾಲಾಗಿ ಓದಿ ಮುಗಿಸಿದ್ದೇನೆ. ಕೋಳಿ ಸಾಕುವುದು, ಕಣ್ಣಿನ ರೋಗ, ಶಿಕ್ಷಕರ ಕೈಪಿಡಿ, ಯಾವುದನ್ನೂ ಬಿಟ್ಟಿಲ್ಲ. ಓದಿದ್ದನ್ನು ಯಾರಿಗಾದರೂ ಕಲಿಸದಿದ್ದರೆ ನನಗೆ ಊಟ ಸೇರುವುದಿಲ್ಲ. ಅವ್ವನಿಗೆ ಭೂಮಿ ದುಂಡಗಿದೆ ಎಂದು ಕಲಿಸಲು ಹೋಗಿ ಬೈಸಿಕೊಂಡವನು ನಾನು.

ದಡ್ಡ ಎಂಬ ಒಂದೇ ಪದ ನಮ್ಮಲ್ಲಿದೆ, ಅದು ಅಣ್ಣನಿಗೆ ಹೊಂದುತ್ತಲೇ ಇರಲಿಲ್ಲ. ಅದಕ್ಕೇ ನನಗೆ ಕುತೂಹಲ. ಅಕ್ಷರಗಳು ನಿನಗೆ ಹೇಗೆ ಕಾಣಿಸುತ್ತವೆ ಎಂದು ಒಂದು ದಿನ ಕೇಳಿದೆ. ಲಾಳಿ ಎಸೆಯುತ್ತಲೇ, "ಹುಳಾ ಬಿದ್ದ ಜ್ವಾಳ ನೋಡೀಯಲ್ಲ, ಕೇರೂ ಮರದಾಗ ಹಾಕಿದ್ರ ಹರದಾಡ್ತಾವು. ಹಂಗ," ಅಂದ. ಇನ್ನೊಂದು ದಿನ ತಾನಾಗಿಯೇ ಹೇಳಿದ: "ನಿನ್ನಿ ಗುರ್ತ ಹಿಡದಿದ್ದ ಅಕ್ಷರ ಇವತ್ತ ಮಾರಿ ತಿರುವಿಕೊಂಡು ಹೋಗ್ತಾವು. ನಾ ಅವಕ್ಕ ಏನ ಮಾಡೇನೋ ಏನೋ." ಮ, ವ, ಪ ಮೂರೂ ಅವನಿಗೆ ಒಂದೇ ಮನೆಯ ಮಕ್ಕಳು. ಯಾವುದು ಹಿರಿಯದು, ಯಾವುದು ಕಿರಿಯದು, ಗೊತ್ತಾಗುತ್ತಿರಲಿಲ್ಲ.

ಕಣ್ಣಿನ ರೋಗದ ಪುಸ್ತಕ ಓದಿದ್ದೆನಲ್ಲ, ಇದು ಕಣ್ಣಿನದೇ ದೋಷ ಎಂದು ತೀರ್ಮಾನಿಸಿ ಅವನನ್ನು ರೋಣದ ಸಂತೆಗೆ ಕರೆದೊಯ್ದೆ. ಅಲ್ಲಿ ಚಾಳೀಸು ಕನ್ನಡಕ ಮಾರುವವನೊಬ್ಬ ಗಿಡದ ಕೆಳಗೆ ಕೂರುತ್ತಿದ್ದ. ಗಿಡಕ್ಕೆ ಅಕ್ಷರದ ಹಲಗೆ ಕಟ್ಟಿ, ಯಾವ ಸಾಲಿನವರೆಗೆ ಕಾಣುತ್ತದೆ ಎಂದು ಕೇಳಿದ. ಅಣ್ಣ ಎಲ್ಲಕ್ಕಿಂತ ಮೇಲಿನ ದೊಡ್ಡ ಅಕ್ಷರವನ್ನೂ ಹೇಳಲಿಲ್ಲ. ಚಾಳೀಸಿನವನು ಗಾಬರಿಯಾಗಿ ತನ್ನಲ್ಲಿದ್ದ ಎಲ್ಲಕ್ಕೂ ದಪ್ಪ ಗಾಜು ತೆಗೆದು ಕೊಟ್ಟ. ಅದನ್ನು ಹಾಕಿಕೊಂಡು ಅಣ್ಣ ನಾಲ್ಕು ದಿನ ತಲೆನೋವಿನಿಂದ ಒದ್ದಾಡಿದ. ಕೂದಲಿನಷ್ಟು ಸಣ್ಣ ಎಳೆ ಹರಿದರೆ ಕಾಣುತ್ತಿದ್ದ ಕಣ್ಣಿಗೆ ಮಗ್ಗವೇ ಕಾಣದಾಯಿತು. ಐದನೆಯ ದಿನ ಅವ್ವ ಅದನ್ನು ಹಿತ್ತಲಿಗೆ ಎಸೆದಳು.

ಅವನು ಬದುಕುತ್ತಿದ್ದ ರೀತಿ ಹೇಳುತ್ತೇನೆ. ಸಹಿ ಮಾಡುತ್ತಿದ್ದ, ಆದರೆ ಅಂಚಿನ ಚಿತ್ರವನ್ನು ಕೈಗೆ ಕಲಿಸಿದ ಹಾಗೆ ಸಹಿಯನ್ನು ಕಲಿಸಿದ್ದ. ಕ್ಷೌರದ ಅಂಗಡಿಯಲ್ಲಿ ಪತ್ರಿಕೆ ಹಿಡಿದು, ಪಕ್ಕದವನು ಹಾಳೆ ತಿರುವಿದಾಗ ತಾನೂ ತಿರುವುತ್ತಿದ್ದ. ಮೋಟಾರು ಸ್ಟ್ಯಾಂಡಿನಲ್ಲಿ ಬೋರ್ಡು ನೋಡುವ ಬದಲು ಹತ್ತುವವರ ಮುಖ ನೋಡುತ್ತಿದ್ದ. ಇದು ರೋಣದ ಮೋಟಾರೇ ಎಂದು ಕೇಳಿದರೆ ಗುಟ್ಟು ಬಯಲಾದೀತೆಂಬ ಅಂಜಿಕೆ. ನೇಕಾರರ ಸಂಘದ ಪಂಚರಲ್ಲಿ ನೀನೂ ಇರು ಎಂದು ಕರೆದಾಗ, ನನಗೆ ಪುರುಸೊತ್ತಿಲ್ಲ ಎಂದುಬಿಟ್ಟ. ಸೊಕ್ಕಿನವನು ಎಂದು ಹೆಸರು ಬಂತು. ಆ ಹೆಸರಿನಿಂದ ಅವನಿಗೆ ಸಂಕಟವೇನೂ ಆದಂತಿರಲಿಲ್ಲ. ದಡ್ಡ ಅನ್ನುವುದಕ್ಕಿಂತ ಸೊಕ್ಕಿನವನು ಅನ್ನುವುದು ಅವನಿಗೆ ಎಷ್ಟೋ ಮೇಲು. ಅದನ್ನು ನಾನು ಆಗ ಅರ್ಥಮಾಡಿಕೊಂಡಿದ್ದರೆ!

ಅವನ ಮದುವೆ ನರಗುಂದದಲ್ಲಿ ಗೊತ್ತಾಯಿತು. ಹೆಣ್ಣಿನ ತಂದೆ ನಮ್ಮ ನೇಕಾರ ಪೈಕಿಯೇ, ಆದರೆ ಕನ್ನಡ ಶಾಲೆಯ ಮಾಸ್ತರರು. ಮಗಳಿಗೂ ಓದುಬರಹ ಕಲಿಸಿದ್ದರು. ಓದಿದ ಗಂಡೇ ಬೇಕು ಅಂದರಂತೆ. ನಡುವೆ ಓಡಾಡಿದ ಹಿರಿಯರು ಅಣ್ಣನ ಏಳು ವರ್ಷದ ಶಾಲೆಯನ್ನು ಏಳನೇ ಇಯತ್ತೆ ಮಾಡಿ ಹೇಳಿದರು. ಅವ್ವ ತಿದ್ದಲಿಲ್ಲ. ನಾನೂ ತಿದ್ದಲಿಲ್ಲ. ಅಣ್ಣ ಆವತ್ತು ಊಟ ಬಿಟ್ಟು ಮಗ್ಗದಲ್ಲಿ ಕುಳಿತಿದ್ದ.

ಅಣ್ಣನ ಹೆಂಡತಿಯಾಗಿ ವೈನಿ ಬಂದಳು. ಒಳ್ಳೆಯವಳು, ನಗುನಗುತ್ತ ಇರುವವಳು. ಒಂದೂವರೆ ವರ್ಷ ಒಂದೇ ಸೂರಿನ ಕೆಳಗೆ ಇದ್ದೂ ಅಣ್ಣ ಅವಳಿಗೆ ಗೊತ್ತಾಗಗೊಡಲಿಲ್ಲ. ಅವಳು ಪತ್ರಿಕೆಯ ಸುದ್ದಿ ತೆಗೆದರೆ, ನೀನೇ ಓದು, ನಿನ್ನ ದನಿ ಚಲೋ ಐತಿ ಅನ್ನುತ್ತಿದ್ದ. ಆಕೆ ಅದನ್ನು ಪ್ರೀತಿ ಎಂದುಕೊಂಡಿದ್ದಳು. ಪ್ರೀತಿಯೂ ಇತ್ತು.

ಬಸಿರು ಏಳು ತಿಂಗಳಾದಾಗ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋದಳು. ಕರ್ನಾಟಕ ಒಂದಾಗುವುದಕ್ಕೆ ಹಿಂದಿನ ವರ್ಷ ಅದು. ಅಲ್ಲಿಂದ ಪತ್ರ ಬರೆಯತೊಡಗಿದಳು. ಅಣ್ಣ ಅವನ್ನು ಅಂಗಿಯೊಳಗೆ ಇಟ್ಟುಕೊಂಡು ನನ್ನನ್ನು ಹಿತ್ತಲಿಗೆ ಕರೆಯುತ್ತಿದ್ದ, ನಾನು ಓದುತ್ತಿದ್ದೆ. ಗಂಡನಿಗೆ ಎಂದು ಹೆಂಡತಿ ಬರೆದದ್ದನ್ನು ಮೈದುನ ಗಟ್ಟಿಯಾಗಿ ಓದುವುದೆಂದರೆ! ನಾಚಿಕೆಯಾದ ಕಡೆ ನಾನು ಸಾಲು ಹಾರಿಸುತ್ತಿದ್ದೆ. ಅದು ಅವನಿಗೆ ಗೊತ್ತಾಗುತ್ತಿತ್ತು. ಇಷ್ಟು ಉದ್ದದ ಕಾಗದದಲ್ಲಿ ಇಷ್ಟೇ ಮಾತೇ ಎಂದು ಒಂದು ಸಲ ಕೇಳಿದ. ಅವನ ಮುಖ ನೋಡಲಾಗಲಿಲ್ಲ.

ಆಗ ನನಗೆ ಹುರುಪು ಬಂತು. ಇವನಿಗೆ ನಾನೇ ಕಲಿಸುತ್ತೇನೆ ಎಂದು ಹೊರಟೆ. ದಿನಾ ಮಧ್ಯಾಹ್ನ ಊಟದ ನಂತರ ಪಾಠ. ನೂಲಿನಿಂದ ಅಕ್ಷರ ಮಾಡಿ ಕೈಯಿಂದ ಮುಟ್ಟಿಸಿದೆ, ಮಗ್ಗದ ಎದುರಿನ ಗೋಡೆಗೆ ಒಂದೊಂದಾಗಿ ಅಂಟಿಸಿದೆ. ಒಂದೂವರೆ ತಿಂಗಳಲ್ಲಿ ಸಣ್ಣ ಸಣ್ಣ ಪದಗಳನ್ನು ಬೆವರು ಸುರಿಸುತ್ತ ಕೂಡಿಸತೊಡಗಿದ. ಶಿಕ್ಷಕರ ಕೈಪಿಡಿಯಲ್ಲಿ ಇತ್ತು, ಕಲಿಯುವವನಿಗೆ ಆಸರೆ ಕೊಟ್ಟಷ್ಟೂ ಅವನು ನಿಲ್ಲುವುದಿಲ್ಲ ಎಂದು. ಅದನ್ನೋದಿ ಒಂದು ಕಟ್ಟಳೆ ಮಾಡಿದೆ: ಇನ್ನು ಮುಂದೆ ವೈನಿಯ ಪತ್ರ ನಾನು ಓದುವುದಿಲ್ಲ, ಎಷ್ಟು ದಿನವಾದರೂ ಸರಿ, ನೀನೇ ಓದಬೇಕು. ಅವನು ಒಪ್ಪಿದ. ಅವಳ ಮಾತು ಮೊದಲು ತನಗೇ ತಿಳಿಯಬೇಕೆಂಬ ಆಸೆ ಅವನಿಗೂ ಇತ್ತು.

ಒಂದು ಸೋಮವಾರ ಮಧ್ಯಾಹ್ನ ಟಪಾಲಿನವನು ನರಗುಂದದಿಂದ ಬಂದ ಕಾರ್ಡು ತಂದ. ನಾಲ್ಕೂ ಮೂಲೆಗೆ ಅರಿಶಿಣ ಕುಂಕುಮ ಹಚ್ಚಿತ್ತು. ನಮ್ಮ ಕಡೆ ಕಾಗದ ಬಿಚ್ಚುವ ಮೊದಲು ಎಲ್ಲರೂ ಮೂಲೆ ನೋಡುತ್ತಾರೆ. ಅರಿಶಿಣವಿದ್ದರೆ ಮದುವೆ, ಮಗು, ಒಳ್ಳೆಯದು. ಮೂಲೆ ಹರಿದಿದ್ದರೆ ಸಾವು, ಅದನ್ನು ಹೊಸ್ತಿಲೊಳಗೆ ತರುವುದಿಲ್ಲ. ಅಕ್ಷರ ಬಾರದ ಅವ್ವ ಕೂಡ ಅಷ್ಟನ್ನು ಓದಬಲ್ಲಳು. ಅವಳು ಕಾರ್ಡನ್ನು ಕಣ್ಣಿಗೆ ಒತ್ತಿಕೊಂಡು ಅಣ್ಣನಿಗೆ ಕೊಟ್ಟಳು. ಅಣ್ಣ ನನ್ನತ್ತ ಚಾಚಿದ.

ನಾನು ಕೈ ಹಿಂದೆ ಕಟ್ಟಿಕೊಂಡೆ. "ಅರಿಷಿಣ ಹಚ್ಚ್ಯಾರ, ಚಲೋ ಸುದ್ದಿನ ಐತಿ. ಅವಸರ ಏನೈತಿ? ನೀನ ಓದು," ಅಂದೆ.

ಅವನು ಕಾರ್ಡು ಹಿಡಿದು ಮೂಲೆಯಲ್ಲಿ ಕುಳಿತ. ಅರ್ಧ ತಾಸಿನ ಮೇಲೆ ಎದ್ದು ಬಂದು, "ಗಂಡ ಮಗ" ಅಂದ. ನಾನು ಹಣಿಕಿ ನೋಡಿದೆ, ಅವನು ಬೆರಳಿಟ್ಟ ಜಾಗದಲ್ಲಿ ಗಂಡು ಎಂದೇ ಇತ್ತು. ಮಗು ಹುಟ್ಟಿದ್ದಕ್ಕಿಂತ ಅಣ್ಣ ಓದಿದ್ದಕ್ಕೆ ನಾನು ಕುಣಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಉಳಿದ ಸಾಲು ನೋಡಲೇ ಇಲ್ಲ, ನೋಡಿದರೆ ನನ್ನ ಕಟ್ಟಳೆ ನಾನೇ ಮುರಿದಂತೆ ಎಂದುಕೊಂಡೆ. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಹದಿಮೂರನೆಯ ದಿನ ತೊಟ್ಟಿಲಿಗೆ ಹೋದರಾಯಿತು ಎಂದು ಮಾತಾಯಿತು.

ನಂತರದ ದಿನಗಳಲ್ಲಿ ಅಣ್ಣ ಹೊತ್ತು ಸಿಕ್ಕಾಗೆಲ್ಲ ಕಾರ್ಡು ತೆಗೆದು ಮುಂದಿನ ಸಾಲುಗಳ ಜೊತೆ ಗುದ್ದಾಡುತ್ತಿದ್ದ. ಬುಧವಾರ, ಇದರಲ್ಲಿ ಹುಬ್ಬಳ್ಳಿ ಅಂತ ಇದೆಯೇನೋ ಎಂದು ಕೇಳಿದ. ನೀನೇ ಹುಡುಕು ಎಂದು ನಕ್ಕೆ.

ಶುಕ್ರವಾರ ಟಪಾಲಿನವನು ಮನೆಯೊಳಗೆ ಬರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಒಂದು ಕಾರ್ಡು ಇಟ್ಟು, ಮೇಲೆ ಕಲ್ಲು ಹೇರಿ, ಯಾರ ಮುಖವನ್ನೂ ನೋಡದೆ ಹೋದ. ಮೂಲೆ ಹರಿದಿತ್ತು. ಅಣ್ಣ ಕುಣಿಯಿಂದ ಕಿಟಕಿಯಲ್ಲಿ ಅದನ್ನು ನೋಡಿದ. ಅದನ್ನು ಯಾರೂ ಅವನಿಗೆ ಓದಿ ಹೇಳಬೇಕಾಗಲಿಲ್ಲ.

ಸತ್ತವಳ ಗಂಡನಿಗೆ ಮನುಷ್ಯನನ್ನು ಕಳಿಸಿ ತಿಳಿಸುವುದು ಪದ್ಧತಿ. ಮಾಸ್ತರರು ಕಳಿಸಿರಲಿಲ್ಲ, ದೂರದ ನೆಂಟರಿಗೆ ಬರೆಯುವಂತೆ ಎರಡು ಸಾಲು ಬರೆದಿದ್ದರು. ಯಾಕೆಂದು ತಿಳಿಯಬೇಕಾದರೆ ಮೊದಲಿನ ಕಾರ್ಡು ಓದಬೇಕಿತ್ತು. ಓದಿದೆ. ಗಂಡು ಮಗು ಹುಟ್ಟಿದೆ, ಮಗು ಕ್ಷೇಮ. ಬಾಣಂತಿಗೆ ನಂಜು ಏರಿ ಜ್ವರ ಬಿಟ್ಟಿಲ್ಲ. ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ಯಬೇಕೆಂದು ಡಾಕ್ಟರರು ಹೇಳಿದ್ದಾರೆ. ಕೊಟ್ಟ ಹೆಣ್ಣು, ನಿಮ್ಮ ಮಾತಿಲ್ಲದೆ ಒಯ್ಯುವುದು ಸರಿಯಲ್ಲ. ಕಾರ್ಡು ಮುಟ್ಟಿದ ಕೂಡಲೇ ಹೊರಟು ಬರಬೇಕು.

ನರಗುಂದಕ್ಕೆ ಹೋಗುವಾಗ, ರೋಣ ಬರುವವರೆಗೂ, ಮೋಟಾರಿನ ಹಿಂದಿನ ಸೀಟಿನಲ್ಲಿ ಅಣ್ಣ ಆ ಕಾರ್ಡನ್ನು ನನ್ನಿಂದ ಮೂರು ಸಲ ಓದಿಸಿದ. ಅಳಲಿಲ್ಲ. ನಾನು ಅವನ ಕಾಲ ಮೇಲೆ ಕೈಯಿಟ್ಟು ಅತ್ತೆ. ತಪ್ಪು ನಂದು, ಎಲ್ಲರೆದುರು ಹೇಳ್ತೇನೆ ಅಂದೆ. ಅವನು ಕಿಟಕಿಯಾಚೆ ನೋಡುತ್ತ, "ನೀ ಏನೂ ಹೇಳಬ್ಯಾಡ," ಅಂದ.

ನಾವು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಎರಡು ದಿನವಾಗಿತ್ತು. ಕೂಸನ್ನು ನಮಗೆ ತೋರಿಸಲಿಲ್ಲ, ಒಳಗೆ ಅಳುವುದು ಕೇಳುತ್ತಿತ್ತು. ಅಣ್ಣನ ಅತ್ತೆ ಬಾಗಿಲ ಹಿಂದಿನಿಂದ ಒಂದೇ ಮಾತು ಆಡಿದಳು. ಜ್ವರ ಇದ್ದಾಗ ಕಾರ್ಡಿಗೆ ಅರಿಶಿಣ ಯಾಕೆ ಹಚ್ಚಿದಿರಿ ಎಂದು ನಾನು ಕೇಳಿದ್ದೆ. "ಕೂಸ ಹುಟ್ಟಿದ ಕಾಗದಕ್ಕ ಅರಿಷಿಣ ಹಚ್ಚದ ಕಳಸ್ತಾರೇನಪಾ? ಬಾಣಂತಿ ಬ್ಯಾರೆ ಮಲಗಿದ್ದಳು, ಅಪಶಕುನ ಆದೀತಂತ ಒಂದೀಟ ಹೆಚ್ಚಿಗೀನ ಹಚ್ಚಿದೆ." ತಂತಿಯನ್ನೂ ಅದೇ ಕಾರಣಕ್ಕೆ ಕೊಟ್ಟಿರಲಿಲ್ಲ. ತಂತಿ ಬಂದರೆ ಯಾರೋ ತೀರಿಕೊಂಡರೆಂದೇ ಅರ್ಥ.

ಮರುದಿನ ಮುಂಜಾನೆ ಮಾಸ್ತರರು, ಓಣಿಯ ಇಬ್ಬರು ಹಿರಿಯರು, ನಾವಿಬ್ಬರು ಪಡಸಾಲೆಯಲ್ಲಿ ಕುಳಿತೆವು. ಅಣ್ಣನಿಗೆ ಬೇಕಾಗಿದ್ದದ್ದು ಒಂದೇ, ಮಗ. ನಮ್ಮ ಅವ್ವ ಸಾಕುತ್ತಾಳೆ, ಓಣಿಯಲ್ಲಿ ಹಾಲೂಡಿಸುವ ಬಾಣಂತಿ ಇದ್ದಾಳೆ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಮಾಸ್ತರರು ಅದನ್ನು ಬಿಟ್ಟು, ಕಾರ್ಡು ಯಾವತ್ತು ಮುಟ್ಟಿತು ಎಂದು ಕೇಳಿದರು. ಸೋಮವಾರ ಎಂದ ಅಣ್ಣ.

"ಓದಿದ್ರೋ ಇಲ್ಲೋ?"

ನಾನು ತಡೆಯಲಾರದೆ ಬಾಯಿಹಾಕಿದೆ. "ಮಾಸ್ತರ್ರ, ನಮ್ಮಣ್ಣಗ ಓದಾಕ ಬರಂಗಿಲ್ಲರಿ. ನಾ ಓದಿ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನಂದರಿ."

ಹಿರಿಯರಲ್ಲಿ ಒಬ್ಬರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಏಳನೇತ್ತಾ ಓದ್ಯಾನಂತ ಹೇಳಿ ಹೆಣ್ಣ ಒಯ್ದ್ರಿ. ಈಗ ಹೆಣ್ಣ ಹೋತು, ಅದರ ಬೆನ್ನ ಹತ್ತಿ ಓದೂ ಹೋತೇನೋ ತಮ್ಮಾ?"

ಮಾಸ್ತರರು ಕೈ ಚಾಚಿ ನನ್ನಿಂದ ಕಾರ್ಡು ತೆಗೆದುಕೊಂಡು ಅಣ್ಣನ ಮುಂದೆ ಹಿಡಿದರು. ಓದ್ರಿ ನೋಡೋಣ ಅಂದರು. ಶಾಲೆಯಲ್ಲಿ ಹುಡುಗನಿಗೆ ಹೇಳುವ ದನಿಯದು. ಅಣ್ಣನ ಹಣೆಯಲ್ಲಿ ಬೆವರು ಒಡೆಯಿತು. ಈಗ ಬರುವುದಿಲ್ಲ ಅನ್ನುತ್ತಾನೆ, ಎಲ್ಲ ಸರಿಹೋಗುತ್ತದೆ ಎಂದು ನಾನು ಕಾಯುತ್ತಿದ್ದೆ. ಅವನು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣನ್ನು ಅದರ ಮೇಲೆ ನೆಟ್ಟು, ಮೊದಲ ಅಕ್ಷರದಿಂದ ಕೊನೆಯ ಸಹಿಯವರೆಗೆ ಒಂದು ಪದವೂ ತಪ್ಪದಂತೆ ಒಪ್ಪಿಸಿಬಿಟ್ಟ. ಮೋಟಾರಿನಲ್ಲಿ ಮೂರು ಸಲ ಕೇಳಿದ್ದು ಸಾಕಾಗಿತ್ತು.

ಮಾಸ್ತರರು ಕಾರ್ಡನ್ನು ಹಿಂದಕ್ಕೆ ತೆಗೆದುಕೊಂಡರು.

"ಮತ್ತ ಯಾಕ ಬರಲಿಲ್ಲ?"

"ಮಗ್ಗದ ಮ್ಯಾಲೆ ಹಾಸು ಇತ್ತರಿ. ಮುಗಿಸಿ ಬಂದ್ರಾತು ಅಂದ್ಕೊಂಡೆ."

"ಮತ್ತ ನಿಮ್ಮ ತಮ್ಮ ಹೇಳಿದ್ದು?"

"ಅಂವಗ ನನ್ನ ಮ್ಯಾಲೆ ಅಂತಃಕರಣ ಭಾಳರಿ. ಸುಳ್ಳ ಹೇಳ್ಯಾನ."

ಮಾಸ್ತರರು ಸಿಟ್ಟಾಗಲಿಲ್ಲ. ಎದ್ದು ಒಳಗೆ ಹೋದರು, ಒಳಗಿನ ಬಾಗಿಲು ಮುಚ್ಚಿಕೊಂಡಿತು. ಎಲೆ ಅಡಿಕೆಯ ಹಿರಿಯರು, ಕೂಸು ಇಲ್ಲೇ ಇರತೈತಿ, ನೀವು ಮಧ್ಯಾಹ್ನದ ಮೋಟಾರಿಗೆ ಹೋಗ್ರಿ ಅಂದರು.

ದಾರಿಯಲ್ಲಿ ನಾನು ಅಣ್ಣನನ್ನು ಹಿಡಿದು ಅಲ್ಲಾಡಿಸಿದೆ. ಯಾಕೆ ಹಾಗೆ ಮಾಡಿದೆ, ಒಂದು ಮಾತು ಅಂದಿದ್ದರೆ ಮಗ ಬರುತ್ತಿದ್ದನಲ್ಲ ಎಂದು ಬೈದೆ. ಅವನು ಅಂದ: "ನಂಗ ಓದಾಕ ಬರಂಗಿಲ್ಲಂತ ಆಕಿಗೆ ಗೊತ್ತಿರಲಿಲ್ಲ. ಸತ್ತ ಮ್ಯಾಲೆ ಆಕೀನ್ನ ದಡ್ಡನ ಹೇಂತಿ ಮಾಡ್ಲೇನು?" ಇದು ನಿಜ. ಆದರೆ ಇಷ್ಟೇ ಅಲ್ಲ ಎಂದು ನನಗೆ ಈಗ ಅನಿಸುತ್ತದೆ. ಎದುರಿಗೆ ಮಾಸ್ತರರು ಕುಳಿತು ಓದು ಅಂದಾಗ ಅವನಿಗೆ ತಾನೀಗ ಶಾಲೆಯ ಹುಡುಗನಲ್ಲ ಎಂಬುದೇ ಮರೆತುಹೋಗಿತ್ತು. ಬೆರಳ ನಡುವೆ ಪೆನ್ಸಿಲ್ ಇಡುತ್ತಾರೆ ಎಂಬಂತೆ ಕಾರ್ಡು ಹಿಡಿದಿದ್ದ, ನಾನು ಕಣ್ಣಾರೆ ನೋಡಿದ್ದೇನೆ.

ಆಮೇಲೆ ನಾನು ಪಾಠ ಮಾಡಲಿಲ್ಲ. ಗೋಡೆಯ ಅಕ್ಷರಗಳನ್ನು ಯಾವಾಗ ಕಿತ್ತರೋ ಗೊತ್ತಿಲ್ಲ. ಸಿಕ್ಕ ಸಿಕ್ಕ ಪುಸ್ತಕ ಹುಡುಕಿದೆ, ಬುದ್ಧಿ ನೆಟ್ಟಗಿದ್ದೂ ಅಕ್ಷರ ಹತ್ತದವರ ಬಗ್ಗೆ ನಮ್ಮ ಕಪಾಟಿನಲ್ಲಿ ಒಂದು ಪುಟವೂ ಇಲ್ಲ. ಎಲ್ಲೋ ಯಾರೋ ಬರೆದಿರಬೇಕು. ಇಡೀ ಜಗತ್ತಿನಲ್ಲಿ ನಮ್ಮಣ್ಣನೊಬ್ಬನೇ ಹೀಗಿರುವುದು ಸಾಧ್ಯವಿಲ್ಲ.

ಅಣ್ಣ ಮತ್ತೆ ಮದುವೆಯಾಗಲಿಲ್ಲ. ವರ್ಷಕ್ಕೆ ಎರಡು ಸಲ, ಪಂಚಮಿಗೆ, ದೀಪಾವಳಿಗೆ, ಮಗನಿಗೆಂದು ತಾನೇ ನೇಯ್ದ ಬಟ್ಟೆ ಒಯ್ಯುತ್ತಾನೆ. ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಡುತ್ತಾರೆ. ಹುಡುಗ ಅವನನ್ನು ಗಜೇಂದ್ರಗಡದವರು ಅನ್ನುತ್ತಾನೆ.

ಈ ಸಲ ಪಂಚಮಿಗೆ ಅಣ್ಣನಿಗೆ ಜ್ವರವಿತ್ತು, ನಾನು ಹೋದೆ. ಹುಡುಗನಿಗೆ ನಾಲ್ಕು ತುಂಬಿದೆ. ಮಾಸ್ತರರಿಗೆ ಪೆನ್ಶನ್ ಆಗಿದೆ, ಮನೆಯಲ್ಲೇ ಹುಡುಗನಿಗೆ ಪಾಟಿ ಬಳಪ ಹಿಡಿಸಿದ್ದಾರೆ. ನನ್ನ ಎದುರೇ ಒಂದು ಅಕ್ಷರ ಬರೆದು ಇದೇನು ಅಂದರು. ಅದು ಮ. ಹುಡುಗ ವ ಅಂದ. ಮತ್ತೆ ಕೇಳಿದರು. ಪ ಅಂದ. ನಾಲ್ಕು ವರ್ಷದ ಯಾವ ಮಗುವಾದರೂ ಅನ್ನುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮಾಸ್ತರರು ಕಪಾಳಕ್ಕೆ ಹೊಡೆದರು. ಜೋರಾಗಿ ಅಲ್ಲ, ಆದರೆ ಹುಡುಗ ಅಳದೆ, ಇನ್ನೊಂದು ಕಪಾಳವನ್ನು ಕೈಯಿಂದ ಮುಚ್ಚಿಕೊಂಡ. ಅಭ್ಯಾಸವಾಗಿತ್ತು.

ಇಷ್ಟು ಸಣ್ಣವನಿಗೆ ಯಾಕೆ ಹೊಡೆಯುತ್ತೀರಿ ಎಂದೆ. ಮಾಸ್ತರರು ಅಕ್ಷರ ಅಳಿಸುತ್ತ, "ಇವರಪ್ಪ ಏಳನೇತ್ತಾ ಓದಿದಾಂವ. ಎಂಥಾ ಮನಶ್ಯಾನರ ಇರಲಿ, ಓದು ನೀರ ಕುಡದಂಗ ಓದತಾನ, ನಾನ ಕೇಳೀನಿ. ಅಂಥಾವನ ಹೊಟ್ಟ್ಯಾಗ ಹುಟ್ಟಿದ್ದಕ್ಕ ಬರಂಗಿಲ್ಲಂದ್ರ ಮೈಗಳ್ಳತನ ಅದು," ಅಂದರು.

ಊರಿಗೆ ಬಂದು ಅಣ್ಣನಿಗೆ ಹೇಳಲೋ ಬೇಡವೋ ಎಂದು ಒಂದು ವಾರ ಒದ್ದಾಡಿ ಹೇಳಿದೆ. ಲಾಳಿ ನಿಂತಿತು. ಯಾವ ಅಕ್ಷರ ಎಂದು ಕೇಳಿದ. ಹೇಳಿದೆ. ಯಾವ ಕಪಾಳ ಎಂದು ಕೇಳಿದ. ಅದನ್ನೂ ಹೇಳಿದೆ. ಕುಣಿಯಿಂದ ಎದ್ದು ಕೈಕಾಲು ತೊಳೆದು, ಅಂಗಿ ಹಾಕಿಕೊಂಡು, ನನಗೆ ಬರಬೇಡ ಎಂದು ಹೇಳಿ ಒಬ್ಬನೇ ಹೋದ. ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಕೇಳುವಂತೆ, ನನಗೆ ಬೋರ್ಡು ಓದಲು ಬರುವುದಿಲ್ಲ, ರೋಣದ ಮೋಟಾರು ಯಾವುದು ಎಂದು ವಿಚಾರಿಸಿದನಂತೆ. ಓಣಿಯವರೊಬ್ಬರು ನಗುತ್ತ ಬಂದು ನನಗೆ ಹೇಳಿದರು, ನಿಮ್ಮಣ್ಣ ಚೇಷ್ಟೆ ಕಲಿತಾನಲ್ಲ ಎಂದು.

ಮರುದಿನ ಸಂಜೆ ಒಬ್ಬನೇ ತಿರುಗಿ ಬಂದ. ಅವ್ವ ನೀರು ಕೊಟ್ಟಳು, ಕುಡಿದ. ಹೇಳಿದೆಯಾ ಎಂದು ಕೇಳಿದೆ. ಎಲ್ಲ ಹೇಳಿದೆ, ಆಕಿ ಅವ್ವನ ಮುಂದೂ ಹೇಳಿದೆ ಅಂದ. ಮಾಸ್ತರರು ನಂಬಲಿಲ್ಲವಂತೆ. ಮಗನನ್ನು ಒಯ್ಯಲು ಹೊಸ ಸುಳ್ಳು ಹುಡುಕಿಕೊಂಡು ಬಂದಿದ್ದೀರಿ ಅಂದರಂತೆ. ಹುಡುಗನ ಪುಸ್ತಕವನ್ನೇ ಕೈಗೆ ಕೊಟ್ಟು ಓದಿ ಅಂದರಂತೆ. ಇವನು ಮೊದಲ ಸಾಲಿನಲ್ಲೇ ತಡವರಿಸಿ ನಿಂತಿದ್ದಾನೆ. ನಾಟಕ ಚಲೋ ಮಾಡ್ತೀರಿ ಎಂದು ಪುಸ್ತಕ ಕಸಿದುಕೊಂಡು ಹುಡುಗನನ್ನು ಒಳಗೆ ಕಳಿಸಿದರಂತೆ.

ಅಣ್ಣ ಖಾಲಿ ಲೋಟ ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ನೋಡಿದ. "ನೀ ಇಷ್ಟ ಓದೀಯಲ್ಲೋ ತಮ್ಮಾ. ಬರೂದನ್ನರ ಮಾಡಿ ತೋರಸಬೌದು. ಬರಂಗಿಲ್ಲ ಅನ್ನೂದನ್ನ ಹ್ಯಾಂಗ ತೋರಸಬೇಕು?"

ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ.